ಅರವತ್ತೊಂದು ಕಡೆ ಮಂತ್ರ

ಮಾರ್ಚ್ 3, ಸೋಮವಾರ

ಬಿ.ಪಿ. ನೋಡಿದ ಡಾಕ್ಟರಮ್ಮ, "ಸಿಟ್ಟು ಬಂದಾಗ ಜನರ ಮೇಲೆ ಹಾರಿ ಬೀಳಬೇಡಿ, ಒಂದು ಪುಸ್ತಕದಲ್ಲಿ ಬರೀರಿ" ಅಂದಿದ್ದರು. ಪುಸ್ತಕ ತಂದು ಎರಡು ತಿಂಗಳು ಖಾಲಿ ಇಟ್ಟಿದ್ದೆ. ಇವತ್ತು ಸಮಿತಿಯ ಪತ್ರ ಬಂತು. ಇನ್ನು ಈ ಪುಸ್ತಕ ಸಾಲೋದೇ ಅನುಮಾನ.

ಬೈಯೋಕೆ ಮೊದಲು ಯಾರನ್ನ ಬೈತಿದ್ದೀನಿ ಅಂತ ಬರೆದುಕೊಳ್ಳೋಣ. ಕ್ರೈಸ್ತ ಮನೆಗಳ ಮಕ್ಕಳಿಗೆ ಅಂತ ಒಂದು ವಿಡಿಯೋ ಗೇಮ್ ಮಾಡ್ತಿದ್ದೀವಿ, ಮೂರೇ ಜನ, ಮೂರು ವರ್ಷದಿಂದ. ಕಂಪನಿಯ ಯಜಮಾನ ಒಬ್ಬ. ಎಂಥ ಪ್ರಳಯ ಆದರೂ "ಒಂದು ಸಣ್ಣ ವಿಷಯ ಇದೆ" ಅಂತಲೇ ಬಾಯಿ ತೆರೆಯೋದು, ಅದಕ್ಕೇ ಅವನಿಗೆ ಸಣ್ಣವಿಷಯ ಅಂತ ಹೆಸರಿಟ್ಟಿದ್ದೀನಿ. ಇನ್ನೊಬ್ಬ ಪ್ರೋಗ್ರಾಂ ಬರೆಯೋನು. ಮದುವೆ ನಿಶ್ಚಯ ಆಯ್ತಂತಲ್ಲಪ್ಪಾ ಅಂದರೂ "ಹ್ಞೂಂ", ಕಟ್ಟಡಕ್ಕೆ ಬೆಂಕಿ ಬಿದ್ದಿದೆ ಅಂದರೂ "ಹ್ಞೂಂ". ಅವನ ಹೆಸರೂ ಹ್ಞೂಂ. ಮೂರನೆಯವಳು ನಾನು. ಕಥೆ, ಮಾತು, ಪರದೆ ಮೇಲೆ ಬರೋ ಒಂದೊಂದು ಅಕ್ಷರವೂ ನನ್ನದು.

ಗೇಮಲ್ಲಿ ಒಬ್ಬ ಹುಡುಗಿ ಲಾಟೀನು ಹಿಡಿದು ಕತ್ತಲೆ ಕವಿದ ಪಟ್ಟಣದಲ್ಲಿ ಓಡಾಡ್ತಾಳೆ. ದಾರಿಯಲ್ಲಿ ಎಣ್ಣೆಯ ಹನಿ ಕೂಡಿಸ್ತಾಳೆ. ಎಣ್ಣೆ ಸಾಕಷ್ಟು ಇದ್ದಾಗ ಮಂತ್ರದ ಬಟನ್ ಒತ್ತಿದರೆ ಮುಚ್ಚಿದ ಬಾಗಿಲು ತೆರೆಯುತ್ತೆ, ನಿಂತ ಹೊಳೆ ಹರಿಯುತ್ತೆ, ಕೊನೆಯಲ್ಲಿ ಜ್ವರದಿಂದ ಮಲಗಿದ ಅವಳ ಅಮ್ಮ ಎದ್ದು ಕೂರ್ತಾಳೆ. ಚರ್ಚಿನಲ್ಲಿ ನಡೆಯೋ ಸಂಡೇ ಸ್ಕೂಲುಗಳ ಪರಿಶೀಲನಾ ಸಮಿತಿ ಒಪ್ಪಿದರೆ ಎಲ್ಲಾ ಸಂಡೇ ಸ್ಕೂಲಿಗೂ ನಮ್ಮ ಗೇಮ್ ಹೋಗುತ್ತೆ. ಒಪ್ಪದಿದ್ದರೆ ಮೂರು ವರ್ಷದ ಕೆಲಸ ಮೂಟೆ ಕಟ್ಟಿ ಮೂಲೆಗೆ.

ಪತ್ರ ನಾಲ್ಕು ಪುಟ. "ಮಂತ್ರ ಎಂಬ ಪದ ಅರವತ್ತೊಂದು ಕಡೆ ಕಂಡುಬಂದಿದೆ. ಮಾಟಮಂತ್ರವು ಕ್ರೈಸ್ತ ಮಕ್ಕಳ ಆಟಕ್ಕೆ ತಕ್ಕದ್ದಲ್ಲ." ಅರವತ್ತೊಂದು ಅಂತ ಎಣಿಸಿದ್ದಾರೆ! ಕೆಂಪು ಪೆನ್ನಲ್ಲಿ ಪಕ್ಕಕ್ಕೆ ಅಂಕಿ ಹಾಕಿ, ನನ್ನ ಎರಡು ಒತ್ತಕ್ಷರದ ತಪ್ಪನ್ನೂ ತಿದ್ದಿದ್ದಾರೆ. ಆ ಕೆಂಪು ಪೆನ್ನು ನೋಡಿದ ತಕ್ಷಣ ಗೊತ್ತಾಯ್ತು. ಈ ವರ್ಷದ ಅಧ್ಯಕ್ಷೆ ನನ್ನ ಸ್ವಂತ ಅಕ್ಕ. ಮೂವತ್ತು ವರ್ಷ ಟೀಚರಾಗಿ ಊರವರ ಮಕ್ಕಳ ಕಾಗುಣಿತ ತಿದ್ದಿದವಳು, ರಿಟೈರಾದ ಮೇಲೂ ಕೈ ಸುಮ್ಮನಿರಲ್ಲ.

ಅಯ್ಯೋ ದೇವರೇ, ಬೇರೆ ಯಾರೂ ಸಿಗಲಿಲ್ವಾ?

ಮಾರ್ಚ್ 6, ಗುರುವಾರ

ಅಕ್ಕನಿಗೆ ಫೋನ್ ಮಾಡಿದೆ. ಏಳು ವರ್ಷದಿಂದ ನಮ್ಮಿಬ್ಬರ ಫೋನು ಅಂದರೆ ಹುಟ್ಟಿದಹಬ್ಬ, ಯಾರಾದರೂ ಸತ್ತ ಸುದ್ದಿ, ಇಷ್ಟೇ. ಇದು ಎರಡೂ ಅಲ್ಲದ್ದರಿಂದ ಅವಳಿಗೇ ಗಾಬರಿಯಾಯ್ತು.

"ಏನಾಯ್ತೇ?"

"ಏನೂ ಆಗಿಲ್ಲ. ಮಂತ್ರ ಇದ್ರೆ ಏನು ಕಷ್ಟ ನಿಂಗೆ? ಮಕ್ಕಳಿಗೆ ಅದು ಆಟ ಅಂತ ಗೊತ್ತಿರತ್ತೆ."

"ನಿನಗೆ ಗೊತ್ತಿರತ್ತೆ. ಏಳು ವರ್ಷದ ಮಗೂಗೆ ಗೊತ್ತಿರತ್ತಾ? ಬಾಯಲ್ಲಿ ಒಂದು ಮಾತು ಅಂದುಬಿಟ್ರೆ ಆಗಿಬಿಡತ್ತೆ ಅಂತ ಕಲಿಸೋದು ತಪ್ಪು."

"ಹಾಗಾದ್ರೆ ಬೈಬಲಲ್ಲಿ ಕೋಲು ಚಾಚಿದ ತಕ್ಷಣ ಸಮುದ್ರ ಇಬ್ಭಾಗ ಆದದ್ದು?"

"ಅದು ದೇವರು ಮಾಡಿದ್ದು. ಕೋಲು ಮಾಡಿದ್ದಲ್ಲ."

ಇದಕ್ಕೆ ಒಳ್ಳೆ ಉತ್ತರ ಇತ್ತು ನನ್ನ ಹತ್ರ. ಫೋನ್ ಇಟ್ಟು ಹತ್ತು ನಿಮಿಷದ ಮೇಲೆ ಹೊಳೀತು. ಯಾವಾಗಲೂ ಹಾಗೇ.

ಮಾರ್ಚ್ 11, ಮಂಗಳವಾರ

ಸಣ್ಣವಿಷಯ ನನ್ನ ಮೇಜಿನ ಮೂಲೆಯಲ್ಲಿ ಕುಂಡೆ ಊರಿದ. "ಒಂದು ಸಣ್ಣ ವಿಷಯ. ಮಂತ್ರ ತೆಗೆದು ಪ್ರಾರ್ಥನೆ ಹಾಕಿಬಿಡೋಣ. ಅವರೂ ಖುಷಿ, ನಾವೂ ಖುಷಿ. ಒಂದೇ ಪದ ತಾನೇ?"

ಒಂದೇ ಪದ ಅಂತೆ. ಮೈಯೆಲ್ಲಾ ಉರಿದುಹೋಯ್ತು. "ಅದು ಪದ ಬದಲಾಯಿಸೋ ವಿಷಯ ಅಲ್ಲ, ಇಡೀ ಆಟಾನೇ ಬೇರೆ ಆಗತ್ತೆ" ಅಂದೆ. "ಎಣ್ಣೆ ಕೂಡಿಸಿ, ಬಟನ್ ಒತ್ತಿ, ಬಾಗಿಲು ತೆಗೆಸಿಕೊಳ್ಳೋದು ಪ್ರಾರ್ಥನೆ ಏನ್ರೀ?"

"ನೀವು ಜಾಸ್ತಿ ಯೋಚನೆ ಮಾಡ್ತೀರ" ಅಂದ. ನನ್ನ ತಲೆ ತಿಂದು ಎದ್ದು ಹೋದ.

ಸಂಡೇ ಸ್ಕೂಲಿಗೆ ಗೇಮ್ ಬರೆಯೋಳು ಏಳು ವರ್ಷದಿಂದ ಒಂದು ದಿನವೂ ಪ್ರಾರ್ಥನೆ ಮಾಡಿಲ್ಲ ಅಂತ ಈ ಸಮಿತಿಗೆ ಗೊತ್ತಾಗಬೇಕು. ಮಂತ್ರದ ಮಾತು ಬಿಟ್ಟು ನನ್ನನ್ನೇ ತಿದ್ದೋಕೆ ಕೂರ್ತಾರೆ.

ಮಾರ್ಚ್ 12, ಬುಧವಾರ

ಮಾನ ಹೋಯ್ತು. ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ.

ನನಗೆ ಹೇಳದೆ ಕೇಳದೆ ಸಣ್ಣವಿಷಯ ನಿನ್ನೆ ಸಂಜೆ ಹ್ಞೂಂಗೆ ಹೇಳಿದ್ದಾನೆ, ಎಲ್ಲಾ ಕಡೆ ಮಂತ್ರ ತೆಗೆದು ಪ್ರಾರ್ಥನೆ ಹಾಕು ಅಂತ. ಅವನು ಹ್ಞೂಂ ಅಂದಿದ್ದಾನೆ. ಕಂಪ್ಯೂಟರಿಗೆ ಒಂದೇ ಏಟಿಗೆ ಹೇಳಿದ್ದಾನೆ. ಅದಕ್ಕೇನು ಗೊತ್ತು? ಮಂತ್ರ ಅನ್ನೋ ಅಕ್ಷರ ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲಾ ನುಗ್ಗಿದೆ.

ಇವತ್ತು ಸಮಿತಿಯ ಮೊದಲ ಸಭೆ. ಐದು ಜನ: ಅಕ್ಕ, ಹಿರಿಯ ಪಾಸ್ಟರು, ಇಬ್ಬರು ತಾಯಂದಿರು, ಯುವಜನರ ಲೀಡರ್ ಒಬ್ಬ. ಗೋಡೆ ಮೇಲೆ ದೊಡ್ಡ ಪರದೆ. ಮೊದಲ ದೃಶ್ಯದಲ್ಲಿ ರಾಜನ ಮಂತ್ರಿ ಬರ್ತಾನೆ. ಅವನ ತಲೆ ಮೇಲೆ ಪ್ರಾರ್ಥನೆ ಅಂತ ಬಂತು, ಅದರ ಪಕ್ಕ ಮಂತ್ರಿಯ ಗುಡಿಸು ಒಂದೇ ಅನಾಥವಾಗಿ ನೇತಾಡ್ತಿತ್ತು. ಆ ಪ್ರಾಣಿ ಕೈ ಮುಗಿದು ಹುಡುಗಿಗೆ ಒಂದು ಓಲೆ ಕೊಟ್ಟ. ಓಲೆ ಮೇಲೆ ದೊಡ್ಡಕ್ಷರದಲ್ಲಿ, "ಅರಮನೆಗೆ ಆಪ್ರಾರ್ಥನೆಣ."

ಆಮಂತ್ರಣ! ನನ್ನ ಆಮಂತ್ರಣ!

ಹಿರಿಯ ಪಾಸ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಮಂತ್ರಿಗಳಿಗೆ ಪ್ರಾರ್ಥನೆ ಬೇಕಾದದ್ದೇ ಬಿಡಮ್ಮ" ಅಂದರು. ತಾಯಂದಿರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಹ್ಞೂಂ ಜೀವಮಾನದಲ್ಲಿ ಮೊದಲ ಸಲ "ಅಯ್ಯೋ" ಅಂದ. ಅಕ್ಕ ಮಾತ್ರ ನಗಲಿಲ್ಲ. ಕೆಂಪು ಪೆನ್ನಿನ ಮುಚ್ಚಳ ತೆಗೆದಳು.

"ನೀವು ಇದನ್ನ ಒಮ್ಮೆ ಓದಿ ನೋಡಿ ತರಬಹುದಿತ್ತು" ಅಂದಳು.

ನೀವು! ನನ್ನ ತಲೆಯ ಹೇನು ತೆಗೆದವಳು, ನನ್ನ ಮೂಗು ಒರೆಸಿದವಳು, ಐದು ಜನರ ಮುಂದೆ ನನಗೆ ನೀವು ಅಂತಾಳೆ. "ಸರಿ ಮೇಡಂ" ಅಂದೆ ನಾನೂ.

ಮಾರ್ಚ್ 13, ಗುರುವಾರ

ಒಂದೊಂದೇ ಸಾಲು ಕೈಯಾರೆ ತಿದ್ದಿದೆ. ಮಂತ್ರಿ ಮತ್ತೆ ಮಂತ್ರಿಯಾದ, ಆಮಂತ್ರಣ ಆಮಂತ್ರಣವಾಯ್ತು. ಉಳಿದ ಕಡೆಯೆಲ್ಲಾ, ಸಣ್ಣವಿಷಯದ ಅಪ್ಪಣೆಯಂತೆ, ಪ್ರಾರ್ಥನೆ. ಈಗ ಎಣ್ಣೆ ಮುಗಿದಾಗ ಪರದೆ ಏನು ಹೇಳುತ್ತೆ ಗೊತ್ತಾ? "ಪ್ರಾರ್ಥನೆ ಖಾಲಿಯಾಗಿದೆ." ಬೇಗ ಬೇಗ ಒತ್ತಿದರೆ, "ಪ್ರಾರ್ಥನೆ ಸಿದ್ಧವಾಗುತ್ತಿದೆ, ಸ್ವಲ್ಪ ಕಾಯಿರಿ." ಹಿಟ್ಟಿನ ಗಿರಣಿ ಮುಂದೆ ನಿಂತ ಹಾಗಿದೆ.

ಪತ್ರವನ್ನ ಇವತ್ತೇ ಕೊನೆತನಕ ಓದಿದ್ದು. ಮೂರನೇ ಪುಟದಲ್ಲಿ ಹದಿನಾಲ್ಕನೇ ಅಂಶ: "ಕೊನೆಯ ಹಂತದಲ್ಲಿ, ತಾಯಿಯ ಹಾಸಿಗೆಯ ಬಳಿ, 'ಶಕ್ತಿ ಸಾಲದು, ಮತ್ತೆ ಪ್ರಯತ್ನಿಸಿ' ಎಂದು ಬರುತ್ತದೆ. ಶಕ್ತಿ ಎಂಬುದು ಮಾಟದ ಮಾತು. 'ನಂಬಿಕೆ ಸಾಲದು, ಮತ್ತೆ ಪ್ರಾರ್ಥಿಸಿ' ಎಂದು ಮಾಡುವುದು."

ಅದನ್ನ ಓದಿ ಎದ್ದು ಹೋಗಿ ಮುಖ ತೊಳ್ಕೊಂಡು ಬಂದೆ.

ಇದನ್ನ ಎಲ್ಲೂ ಬರೆದಿಲ್ಲ, ಯಾರಿಗೂ ಹೇಳಿಲ್ಲ. ಅಮ್ಮ ಹೋದ ದಿನ ಆಸ್ಪತ್ರೆಯ ವರಾಂಡದಲ್ಲಿ ಹಸಿರು ಪ್ಲಾಸ್ಟಿಕ್ ಕುರ್ಚಿ ಮೇಲೆ ನಾನೂ ಅಕ್ಕನೂ ಕೂತಿದ್ದೆವು. ನಲವತ್ತು ದಿನ ಇಬ್ಬರೂ ಅಮ್ಮನ ಪಕ್ಕ ಪಾಳಿ ಹಾಕಿಕೊಂಡು ಪ್ರಾರ್ಥನೆ ಮಾಡಿದ್ದೆವು. ಅವಳು ಬೆಳಗ್ಗೆ, ನಾನು ಸಂಜೆ. ನಾನು ಎರಡು ಸಂಜೆ ತಪ್ಪಿಸಿದ್ದೆ, ಕೆಲಸ ಇತ್ತು. ಅಮ್ಮ ಹೋಗಿ ಹತ್ತು ನಿಮಿಷ ಆಗಿರಲಿಲ್ಲ, ಅಕ್ಕ ನನ್ನ ಮುಖ ಕೂಡ ನೋಡದೆ, "ನಂಬಿಕೆ ಸಾಲಲಿಲ್ಲ ಕಣೇ" ಅಂದಳು.

ಅವತ್ತಿಂದ ಬಿಟ್ಟೆ. ಪ್ರಾರ್ಥನೆ ಬಿಟ್ಟೆ, ಅವಳನ್ನೂ ಬಿಟ್ಟೆ.

ಈಗ ಅದೇ ಮಾತು ಗೇಮಲ್ಲಿ ಬೇಕಂತೆ. ನಾನೇ ಟೈಪ್ ಮಾಡಬೇಕಂತೆ. ಜ್ವರ ಬಂದ ಅಮ್ಮನ ಪಕ್ಕ ನಿಂತ ಮಗುವಿಗೆ ಹೇಳಬೇಕಂತೆ.

ಮಾಡಿದೆ. ಅಕ್ಷರ ತಪ್ಪದೆ ಹಾಗೇ ಹಾಕಿದೆ. ಬೇಕು ಅಂದಳಲ್ಲ, ಅನುಭವಿಸಲಿ.

ಮಾರ್ಚ್ 16, ಭಾನುವಾರ

ಚರ್ಚಿಗೆ ಹೋಗಿದ್ದೆ. ಹಿಂದಿನ ಬೆಂಚು. ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಫ್ಯಾನ್ ನೋಡ್ತಾ ಕೂತೆ. ಎರಡನೇ ಫ್ಯಾನಿನ ಒಂದು ರೆಕ್ಕೆ ಸೊಟ್ಟಗಿದೆ. ಯಾರಾದರೂ ತಲೆ ಎತ್ತಿ ನೋಡಿದ್ದರೆ ತಾನೇ ರಿಪೇರಿ ಆಗೋದು.

ಮಾರ್ಚ್ 19, ಬುಧವಾರ

ಎರಡನೇ ಸಭೆ.

"ಕೊನೆಯ ಹಂತ ಅಧ್ಯಕ್ಷರೇ ಆಡಿ ನೋಡಲಿ" ಅಂದೆ. ಬೇಕಂತಲೇ ಅಂದೆ. ಅಕ್ಕ ಕನ್ನಡಕ ಏರಿಸಿಕೊಂಡು, ಬಿಸಿ ಪಾತ್ರೆ ಹಿಡಿದ ಹಾಗೆ ಎರಡೂ ಕೈಯಲ್ಲಿ ರಿಮೋಟು ಹಿಡಿದಳು. ಲಾಟೀನು ಹಿಡಿದ ಹುಡುಗಿಯನ್ನ ಗೋಡೆಗೆ ನಾಲ್ಕು ಸಲ ಡಿಕ್ಕಿ ಹೊಡೆಸಿ, ಅಂತೂ ಅಮ್ಮನ ಕೋಣೆ ಸೇರಿಸಿದಳು. ದಾರಿಯಲ್ಲಿ ಎಣ್ಣೆ ಕೂಡಿಸಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ಪ್ರಾರ್ಥನೆಯ ಬಟನ್ ಒತ್ತಿದಳು. ನಂಬಿಕೆ ಸಾಲದು, ಮತ್ತೆ ಪ್ರಾರ್ಥಿಸಿ.

ಒತ್ತಿದಳು. ನಂಬಿಕೆ ಸಾಲದು.

ಮತ್ತೆ ಒತ್ತಿದಳು. ಮತ್ತೆ. ಯುವಜನರ ಲೀಡರ್, "ಎಣ್ಣೆ ತರಬೇಕು ಅನ್ಸತ್ತೆ ಮೇಡಂ" ಅಂದ. ಅವಳಿಗೆ ಕೇಳಿಸಲೇ ಇಲ್ಲ. ಹೆಬ್ಬೆರಳು ಬೆಳ್ಳಗಾಗೋ ಹಾಗೆ ಒತ್ತುತ್ತಲೇ ಇದ್ದಳು. ಪರದೆ ಮೇಲೆ ಅಮ್ಮ ಮಲಗೇ ಇದ್ದಳು.

ಆಮೇಲೆ ರಿಮೋಟು ಮೇಜಿನ ಮೇಲಿಟ್ಟು, "ಇದನ್ನ ಯಾರು ಬರೆದದ್ದು?" ಅಂದಳು.

"ನೀವೇ. ಹದಿನಾಲ್ಕನೇ ಅಂಶ."

ಅಕ್ಕ ಬ್ಯಾಗು ತಗೊಂಡು ಎದ್ದು ಹೋದಳು. ಕೆಂಪು ಪೆನ್ನು ಅಲ್ಲೇ ಬಿಟ್ಟು ಹೋದಳು. ಸಭೆ ಮುಂದಕ್ಕೆ ಹೋಯ್ತು. "ಏನಾಯ್ತು ಇವರಿಗೆ?" ಅಂತ ಸಣ್ಣವಿಷಯ ಎಲ್ಲರ ಮುಖ ನೋಡಿದ. ಯಾರಿಗೂ ಗೊತ್ತಿರಲಿಲ್ಲ, ನನಗೊಬ್ಬಳಿಗೆ ಬಿಟ್ಟು.

ಗೆದ್ದೆ.

ಮಾರ್ಚ್ 20, ಗುರುವಾರ

ಗೆದ್ದದ್ದಕ್ಕೆ ಖುಷಿಯಾಗಬೇಕಿತ್ತು. ಊಟ ಸೇರಲಿಲ್ಲ. ಆ ಹೆಬ್ಬೆರಳೇ ಕಣ್ಣ ಮುಂದೆ ಬರ್ತಿದೆ. ದೇವರೇ, ನಾನು ಇಷ್ಟು ಕೆಟ್ಟವಳು ಯಾವಾಗಾದೆ? ನೀನೇ ಹೇಳು.

ಮಾರ್ಚ್ 22, ಶನಿವಾರ

ಬೆಳಗ್ಗೆ ಬಟಾಣಿ ಬಿಡಿಸ್ತಾ ಕೂತಿದ್ದೆ, ಬಾಗಿಲು ಬಡಿದ ಸದ್ದು. ಅಕ್ಕ. ಹೇಳದೆ ಬಂದಿದ್ದಾಳೆ. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಬಂದು, ಎದುರಿಗೆ ಕೂತು, ನನ್ನ ಬುಟ್ಟಿಯಿಂದ ಒಂದು ಹಿಡಿ ಎತ್ತಿಕೊಂಡು ಬಿಡಿಸೋಕೆ ಶುರು ಮಾಡಿದಳು. ನಾನು ಮೂರು ಬಿಡಿಸೋ ಹೊತ್ತಿಗೆ ಅವಳು ಎಂಟು. ಅದಕ್ಕೂ ಸಿಟ್ಟು ಬಂತು.

"ಆ ಸಾಲು ನಾನು ಹಾಕಿದ್ದು ಅಂತ ನೆನಪೇ ಇರಲಿಲ್ಲ ಕಣೇ" ಅಂದಳು.

"ಆಸ್ಪತ್ರೆಯಲ್ಲಿ ನಂಗೆ ಅಂದದ್ದು? ಅದೂ ನೆನಪಿಲ್ವಾ?"

"ನಿಂಗೇನಂದೆ?"

ಕೈಯಲ್ಲಿದ್ದ ಬಟಾಣಿ ಕೆಳಗಿಟ್ಟೆ. ಅಂದೇಬಿಟ್ಟೆ. "ನಂಬಿಕೆ ಸಾಲಲಿಲ್ಲ ಕಣೇ ಅಂದೆ. ಅಮ್ಮನ ಮೈ ಇನ್ನೂ ಬೆಚ್ಚಗಿತ್ತು. ಎರಡು ಸಂಜೆ ತಪ್ಪಿಸಿದ್ದಕ್ಕೆ ಅಮ್ಮನ್ನ ನಾನೇ ಕಳೆದೆ ಅನ್ನೋ ಹಾಗೆ ಅಂದೆ."

ಅಕ್ಕನ ಕೈ ನಿಂತುಹೋಯ್ತು. "ನಿಂದು ಅಂದ್ನಾ?"

"ಇನ್ನೇನು?"

"ನಿನ್ನ ನಂಬಿಕೆ ಸಾಲಲಿಲ್ಲ ಅಂದ್ನಾ ನಾನು?"

ಯೋಚಿಸಿದೆ. ಏಳು ವರ್ಷದಲ್ಲಿ ಸಾವಿರ ಸಲ ಕೇಳಿಸಿಕೊಂಡ ಮಾತನ್ನ ಮತ್ತೆ ಕೇಳಿಸಿಕೊಂಡೆ. ನಂಬಿಕೆ ಸಾಲಲಿಲ್ಲ ಕಣೇ. ಅಷ್ಟೇ. ಯಾರದು ಅಂತ ಇಲ್ಲ ಅದರಲ್ಲಿ.

"ನಂದು ಕಣೇ" ಅಂದಳು ಅಕ್ಕ. "ನಂದು ಸಾಲಲಿಲ್ಲ ಅಂದೆ. ನಿನ್ನ ಬಿಟ್ಟು ಇನ್ಯಾರಿಗೆ ಹೇಳ್ಲಿ ಅಂತ ನಿಂಗೆ ಹೇಳಿದೆ. ನೀನು ಎದ್ದು ಹೋದೆ."

ಎಂಥ ಹೆಂಗಸಪ್ಪಾ ಇವಳು! ಲೋಕದವರ ಕಾಗುಣಿತ ತಿದ್ದೋಳು, ಒಂದು 'ನಂದು' ಅಂತ ಸೇರಿಸೋಕೆ ಏನಾಗಿತ್ತು ಇವಳಿಗೆ? ಎರಡು ಅಕ್ಷರ! ಎರಡು ಅಕ್ಷರದ ಬರ ಇತ್ತಾ ಬಾಯಲ್ಲಿ? ಹಾಗಂತ ಕೂಗಾಡಿಬಿಟ್ಟೆ. ಅವಳೂ ಕೂಗಿದಳು. "ನೀನು ಯಾರದು ಅಂತ ಕೇಳಬಾರದಿತ್ತಾ? ಊರಿಗೆಲ್ಲಾ ಪ್ರಶ್ನೆ ಕೇಳ್ತೀಯ!" ಬಟಾಣಿ ನೆಲದ ಮೇಲೆಲ್ಲಾ ಉರುಳಿಹೋಯ್ತು. ಇಬ್ಬರೂ ಬಗ್ಗಿ ಹೆಕ್ಕುತ್ತಾ ಅತ್ತೆವು. ಮಂಡಿ ಹಿಡಿದುಕೊಂಡು ಅವಳಿಗೆ ಎದ್ದೇಳೋಕೆ ಆಗಲಿಲ್ಲ, ಹಾಗಾಗಿ ನೆಲದ ಮೇಲೇ ಕೂತಳು, ನಾನೂ ಕೂತೆ.

ಅಲ್ಲೇ ಹೇಳಿದಳು. ಆ ದಿನ ಮಧ್ಯಾಹ್ನ ಅಮ್ಮ ಉಸಿರಿಗೆ ಒದ್ದಾಡ್ತಿದ್ದಾಗ ಅಕ್ಕ ಒಬ್ಬಳೇ ಇದ್ದಳಂತೆ. ವಾಸಿ ಮಾಡು ಅಂತ ಕೇಳೋಕೆ ಬಾಯಿ ಬರಲಿಲ್ಲವಂತೆ. "ಸಾಕು, ಕರ್ಕೊಂಡುಬಿಡು ಅಂದೆ. ಮೂರು ಗಂಟೆಗೆ ಅಂದೆ. ನಾಲ್ಕೂವರೆಗೆ ಅಮ್ಮ ಹೋದ್ಲು." ಕಣ್ಣು ಒರೆಸಿಕೊಳ್ಳಲೂ ಇಲ್ಲ. "ಬಾಯಿಂದ ಒಂದು ಮಾತು ಬಿದ್ರೆ ಆಗಿಬಿಡತ್ತೆ ಅಂತ ಯಾವ ಮಗೂನೂ ನಂಬಬಾರದು ಕಣೇ. ಅದನ್ನ ಹೊತ್ಕೊಂಡು ಬದುಕೋದು ಎಷ್ಟು ಕಷ್ಟ ಅಂತ ನಂಗೆ ಗೊತ್ತು. ಅದಕ್ಕೇ ಮಂತ್ರ ಬೇಡ, ಬೇಡ ಅಂತ ಬಡ್ಕೊಂಡಿದ್ದು. ಕೊನೆಗೆ ನಾನೇ ಅದಕ್ಕಿಂತ ಕೆಟ್ಟದ್ದನ್ನ ಬರೆದುಕೊಟ್ಟೆ."

"ನೀನೇನು ಬಟನ್ ಒತ್ತಿದ್ಯಾ ಅಕ್ಕ?" ಅಂದೆ. "ಅಮ್ಮನ ಪಕ್ಕ ಕೂತಿದ್ದೆ. ಅಷ್ಟೇ ನೀನು ಮಾಡಿದ್ದು. ಆ ಎರಡು ಸಂಜೆ ನಾನು ಅದನ್ನೂ ಮಾಡಲಿಲ್ಲ."

ಅಕ್ಕ ನೆಲದಲ್ಲಿ ಉಳಿದಿದ್ದ ಒಂದು ಬಟಾಣಿ ಎತ್ತಿ ಉಗುರಲ್ಲಿ ಒತ್ತಿ ನೋಡಿದಳು. ಆಮೇಲೆ, "ನಿನ್ನ ಬಟಾಣಿ ಬಲಿತು ಹೋಗಿದೆ, ನೋಡಿ ತರಬಾರದಾ?" ಅಂದಳು.

ಮಾರ್ಚ್ 27, ಗುರುವಾರ

ಕೊನೆಯ ಹಂತ ಪೂರ್ತಿ ಕೆಡವಿದೆ. ಬಾಗಿಲು, ಹೊಳೆಯ ಕಡೆ ಪ್ರಾರ್ಥನೆ ತೆಗೆದು ಮಂತ್ರವನ್ನೇ ವಾಪಸ್ ಹಾಕಿದೆ. ಸಣ್ಣವಿಷಯ ಮೂರು ಸಲ ಬಂದು ಮೂರು ಸಣ್ಣ ವಿಷಯ ಹೇಳಿ ಹೋದ. ಒಂದನ್ನೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಈಗ ಅಮ್ಮನ ಕೋಣೆಯಲ್ಲಿ ಮಂತ್ರವೂ ಇಲ್ಲ, ಪ್ರಾರ್ಥನೆಯ ಬಟನ್ನೂ ಇಲ್ಲ, ಎಣ್ಣೆಯ ಲೆಕ್ಕವೂ ಇಲ್ಲ. ಒಂದೇ ಬಟನ್: ಕೂತುಕೋ. ಒತ್ತಿದರೆ ಹುಡುಗಿ ಲಾಟೀನು ಕೆಳಗಿಟ್ಟು ಹಾಸಿಗೆ ಪಕ್ಕ ಕೂರ್ತಾಳೆ. ಅಷ್ಟೇ. ಕಿಟಕಿಯಲ್ಲಿ ನಿಧಾನವಾಗಿ ಬೆಳಗಾಗುತ್ತೆ. ಕೂತರೂ ಆಗುತ್ತೆ, ಕೂರದೆ ಓಡಾಡಿದರೂ ಆಗುತ್ತೆ. ಬೆಳಗಾದ ಮೇಲೆ ಅಮ್ಮ ಕಣ್ಣು ಬಿಟ್ಟು ನೀರು ಕೇಳ್ತಾಳೆ. ಕೂತಿದ್ದವಳಿಗೆ ಮಾತ್ರ, ಅದಕ್ಕೆ ಮೊದಲು ಅಮ್ಮ ನಿದ್ದೆಯಲ್ಲೇ ಕೈ ಚಾಚಿ ಅವಳ ಕೂದಲು ಮುಟ್ಟಿದ್ದು ಗೊತ್ತಾಗುತ್ತೆ.

ಹ್ಞೂಂಗೆ ತೋರಿಸಿದೆ. ನೋಡಿ, ಇನ್ನೊಂದು ಸಲ ಮೊದಲಿಂದ ಆಡಿದ. ಆಮೇಲೆ, "ನಮ್ಮಜ್ಜಿ ಹೀಗೇ ಮುಟ್ಟೋರು" ಅಂದ. ಪೂರ್ತಿ ವಾಕ್ಯ! ದಿನಾಂಕ ಬರೆದಿಟ್ಟುಕೊಂಡಿದ್ದೀನಿ.

ಏಪ್ರಿಲ್ 2, ಬುಧವಾರ

ಮೂರನೇ ಸಭೆ. ಅಕ್ಕನೇ ಆಡಿದಳು. ಈ ಸಲ ಗೋಡೆಗೆ ಎರಡೇ ಡಿಕ್ಕಿ. ಕೂತುಕೋ ಅಂತ ಒತ್ತಿ, ರಿಮೋಟು ಮಡಿಲಲ್ಲಿಟ್ಟುಕೊಂಡು, ಬೆಳಗಾಗೋ ತನಕ ಕಾದಳು. ನಾಲ್ಕು ನಿಮಿಷ.

ಯುವಜನರ ಲೀಡರ್ ಮೂಗು ಮುರಿದ. "ಬಾಗಿಲಿಗೆ ಮತ್ತೆ ಮಂತ್ರ ಬಂದಿದೆ. ಇಲ್ಲಿ ನೋಡಿದ್ರೆ ಪ್ರಾರ್ಥನೆಯೇ ಇಲ್ಲ. ಇದರಲ್ಲಿ ಪ್ರಾರ್ಥನೆ ಎಲ್ಲಿದೆ?"

"ಈಗ ನೋಡಿದ್ಯಲ್ಲಪ್ಪ, ಅದೇ" ಅಂದಳು ಅಕ್ಕ. "ಬಾಗಿಲು, ಹೊಳೆ, ಅದು ಕಥೆ. ಅಲ್ಲಿ ಮಂತ್ರ ಇದ್ರೆ ಇರಲಿ, ನಮ್ಮ ಮಕ್ಕಳು ಅಷ್ಟು ದಡ್ಡರಲ್ಲ. ಹಾಸಿಗೆ ಹತ್ರ ಬೇಡ ಅಂದೆ, ತೆಗೆದಿದ್ದಾಳೆ."

ಕೈ ಎತ್ತಿದರು. ಮೂರು, ಎರಡು. ಒಪ್ಪಿಗೆ. ಲೀಡರ್ ಲಿಖಿತವಾಗಿ ವಿರೋಧ ಬರೀತಾನಂತೆ, ಒಬ್ಬ ತಾಯಿಯ ಸಹಿಯೂ ಇರುತ್ತಂತೆ. ಬರೀಲಿ. ಇನ್ನು ಆ ಪತ್ರಕ್ಕೆ ಉತ್ತರ ಬರೆಯೋ ಕರ್ಮ ನನ್ನದೇ.

ಹೊರಡುವಾಗ ಅಕ್ಕ ಎಲ್ಲರ ಮುಂದೆ, "ಏ, ನಿನ್ನ ಹನ್ನೊಂದನೇ ದೃಶ್ಯದಲ್ಲಿ ಒತ್ತಕ್ಷರ ಮತ್ತೆ ತಪ್ಪಿದೆ ಕಣೇ" ಅಂದಳು. ಮೈ ಉರೀತು. ದಾರಿಯುದ್ದಕ್ಕೂ ನಗು ಬರ್ತಾ ಇತ್ತು.

ಸರಿ, ಇವತ್ತಿಗೆ ಇಷ್ಟು. ಆ ಮಂಡಿ ನೋವು ಅವಳಿಗೆ ಸ್ವಲ್ಪ ಕಡಿಮೆ ಮಾಡು, ಮೆಟ್ಟಿಲು ಇಳಿಯೋಕೆ ಒದ್ದಾಡ್ತಿದ್ದಳು. ಮೂರು ಗಂಟೆಗೆ ಅವಳು ಅಂದದ್ದನ್ನ ಅವಳ ತಲೆ ಮೇಲಿಂದ ಇಳಿಸು, ನಾನು ಹೇಳಿದರೆ ಕೇಳಲ್ಲ, ನಿನ್ನ ಮಾತಾದರೂ ಕೇಳ್ತಾಳೆ. ಸಣ್ಣವಿಷಯದ ಬಾಯಿಗೆ ನಾಳೆ ಒಂದು ದಿನ ಬೀಗ ಹಾಕು. ಅಮ್ಮ ಅಲ್ಲೇ ಇದ್ದರೆ ಹೇಳು, ಎರಡು ಸಂಜೆ ಬರಲಿಲ್ಲ, ತಪ್ಪಾಯ್ತು ಅಂತ.

ಇದು ಪ್ರಾರ್ಥನೆ ಗೀರ್ಥನೆ ಅಲ್ಲ. ಡಾಕ್ಟರಮ್ಮ ಬರೀರಿ ಅಂದರು, ಬರೆದೆ.